ಎಪ್ಪತ್ತೆರಡು ಕೆಜಿ ಮರಳು

ಮೇಸ್ತ್ರಿ: ಆಗಲ್ಲ ಸಾರ್. ನಿಜವಾದ ತೂಕ ಹೇಳೋವರೆಗೂ ನಾನು ಸ್ಪ್ಯಾನರ್ ಮುಟ್ಟಲ್ಲ.

ದರ್ಜಿ: ಎಷ್ಟು ಸಲ ಹೇಳಬೇಕ್ರೀ? ಎಪ್ಪತ್ತೆರಡು. ಏಳು, ಎರಡು. ಬರೆದು ಕೊಡ್ಲಾ?

ಮೇಸ್ತ್ರಿ: ಬರೆದು ಕೊಟ್ಟರೆ ಕಾಗದದ ತೂಕ ಸೇರುತ್ತೆ ಅಷ್ಟೆ. ಎರಡು ತಿಂಗಳ ಹಿಂದೆ ಫೋನಲ್ಲೂ ಇದೇ ಎಪ್ಪತ್ತೆರಡು ಅಂದ್ರಿ. ನಾನು ಪೆದ್ದ, ನಂಬಿದೆ. ಎಪ್ಪತ್ತೆರಡು ಕೆಜಿ ಮರಳು ಚೀಲಕ್ಕೆ ತುಂಬಿ, ನಿಮ್ಮ ಸೀಟಲ್ಲಿ ಕೂರಿಸಿ, ಬೆಲ್ಟ್ ಹಾಕಿ, ಚಕ್ರಗಳ ಅಲೈನ್‌ಮೆಂಟ್ ಮಾಡ್ದೆ. ಮರಳು ಕೂತರೆ ನಿಮ್ಮ ಕಾರು ದಾರ ಹಿಡಿದ ಹಾಗೆ ನೆಟ್ಟಗಿರುತ್ತೆ. ನೀವು ಕೂತರೆ ನಿಮ್ಮ ಕಡೆಗೇ ಎಳೆಯುತ್ತೆ.

ದರ್ಜಿ: ಹಾಗಾದ್ರೆ ಮರಳಲ್ಲೇ ಏನೋ ಮೋಸ ಇದೆ.

ಮೇಸ್ತ್ರಿ: ಮರಳು ಸುಳ್ಳು ಹೇಳಲ್ಲ ಸಾರ್. ಅದಕ್ಕೆ ಬಾಯಿಲ್ಲ.

ಮೇಸ್ತ್ರಿಯ ತಲೆ ಮಾತ್ರ ಗ್ಯಾರೇಜಿನ ನೆಲದ ಮೇಲಿತ್ತು. ಮಿಕ್ಕ ಮೇಸ್ತ್ರಿಯೆಲ್ಲ ಗುಂಡಿಯೊಳಗೆ. ಗುಂಡಿಯ ಮೇಲೆ ನಾಲ್ಕು ಜಾಕಿಗಳ ಆಧಾರದಲ್ಲಿ ಕೆಂಪು ಬಣ್ಣದ, ಮೇಲ್ಛಾವಣಿಯಿಲ್ಲದ, ಎರಡೇ ಸೀಟಿನ ಕಾರು ಚಕ್ರಗಳನ್ನು ಇಳಿಬಿಟ್ಟುಕೊಂಡು ನಿಂತಿತ್ತು. ಈ ಕಾರಿನ ಒಡೆಯ ವೃತ್ತಿಯಿಂದ ದರ್ಜಿ. ಊರಿನ ಅರ್ಧ ಗಂಡಸರ ಸೂಟು ಹೊಲಿದವನು, ಮಿಕ್ಕ ಅರ್ಧ ಗಂಡಸರ ಸೂಟು ಸಡಿಲಿಸಿದವನು. ವರ್ಷಕ್ಕೊಮ್ಮೆ ನಡೆಯುವ ಗುಡ್ಡದ ರೇಸಿನಲ್ಲಿ ಹನ್ನೊಂದು ವರ್ಷದಿಂದ ಓಡಿಸುತ್ತಿದ್ದಾನೆ, ಹನ್ನೊಂದು ವರ್ಷವೂ ಕೊನೆಯಿಂದ ಎರಡನೆಯವನಾಗಿ ಬಂದಿದ್ದಾನೆ. ಈ ಸಲದ ರೇಸು ನಾಡಿದ್ದು ಭಾನುವಾರ.

ಗೋಡೆ ಪಕ್ಕದ ಬೆಂಚಿನಲ್ಲಿ ಅವನ ಹೆಂಡತಿ ಕೂತಿದ್ದಳು. ಡ್ರೈವಿಂಗ್ ಸ್ಕೂಲಿನಲ್ಲಿ ಹದಿನೈದು ವರ್ಷದಿಂದ ಪಾಠ ಹೇಳುವವಳು. ಪಕ್ಕದ ಸೀಟಿನಲ್ಲಿ ಕೂತು ಊರಿನವರ ತಪ್ಪೆಲ್ಲ ನೋಡಿಯೂ ನಗದೆ ಇರುವ ಅಭ್ಯಾಸ ಅವಳಿಗಿತ್ತು. ಇವತ್ತು ಕೆಲಸಕ್ಕೆ ರಜೆ ಹಾಕಿ, ಯಾರೂ ಕರೆಯದೆ, ಗಂಡನ ಹಿಂದೆ ಗ್ಯಾರೇಜಿಗೆ ಬಂದಿದ್ದಳು.

ಗಂಡ ಹೆಂಡತಿ ನಡುವೆ ಒಂದು ಒಪ್ಪಂದವಿತ್ತು. ದರ್ಜಿಯ ಮೊಣಕಾಲು ನೋಡಿದ ಡಾಕ್ಟರು, ತೂಕ ಎಪ್ಪತ್ತೈದಕ್ಕಿಂತ ಕೆಳಗಿಳಿಯದೆ ರೇಸಿನ ಕ್ಲಚ್ಚು ತುಳಿಯಕೂಡದು ಎಂದಿದ್ದರು. ಇಳಿದರೆ ಭಾನುವಾರ ಓಡಿಸುವುದು, ಇಳಿಯದಿದ್ದರೆ ಹೆಲ್ಮೆಟ್ಟು ಅಟ್ಟಕ್ಕೆ. ಆದ್ದರಿಂದ ಎಪ್ಪತ್ತೆರಡು ಎಂಬುದು ದರ್ಜಿಗೆ ಬರೀ ಅಂಕಿಯಾಗಿರಲಿಲ್ಲ. ಅದು ಹೋದರೆ ಭಾನುವಾರವೇ ಹೋಗುತ್ತಿತ್ತು.

ಹೆಂಡತಿ: ಮೇಸ್ತ್ರಿ, ನಮ್ಮನೆಯವರು ಎಪ್ಪತ್ತೆರಡೇ. ದಿನಾ ಬೆಳಗ್ಗೆ ನನ್ನೆದುರೇ ತೂಕದ ಮಿಷನ್ ಮೇಲೆ ನಿಲ್ತಾರೆ. ನಾನೇ ನೋಡಿದೀನಿ.

ದರ್ಜಿ: ಕೇಳಿಸಿಕೊಂಡ್ರಾ? ಕಣ್ಣಾರೆ ಕಂಡ ಸಾಕ್ಷಿ.

ಮೇಸ್ತ್ರಿ: ಮೇಡಂ, ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರೆ. ಇಲ್ಲಿ ನೋಡಿ.

ಗುಂಡಿಯೊಳಗಿಂದ ಒಂದು ಕೈ ಮೇಲೆ ಬಂತು. ಅದರಲ್ಲಿ ಹೆಬ್ಬೆರಳು ಗಾತ್ರದ, ಗೇಣುದ್ದದ ಬೋಲ್ಟು, ಅದರ ವಾಷರಿನ ಸಮೇತ ಇತ್ತು.

ಹೆಂಡತಿ: ಇದೇನು, ವಾಷರಿನ ತೂತು ನಡುವೆ ಇಲ್ಲ, ಪಕ್ಕಕ್ಕೆ ಸರಿದಿದೆ. ಸೊಟ್ಟ ಮಾಡಿಬಿಟ್ಟಿದ್ದಾರೆ.

ಮೇಸ್ತ್ರಿ: ಬೇಕಂತಲೇ ಸೊಟ್ಟ ಮೇಡಂ. ಇದನ್ನ ಒಂಚೂರು ತಿರುಗಿಸಿದ್ರೆ ಚಕ್ರ ಒಳಕ್ಕೆ ವಾಲುತ್ತೆ, ಆ ಕಡೆ ತಿರುಗಿಸಿದ್ರೆ ಹೊರಕ್ಕೆ. ಸರಿಯಾದ ಜಾಗಕ್ಕೆ ತಂದು ಬಿಗಿ ಮಾಡಿದ್ರೆ ಕಾರು ನೆಟ್ಟಗೆ.

ಹೆಂಡತಿ: ಸೊಟ್ಟ ಇರೋದನ್ನ ಹಿಡಿದು ತಿರುಗಿಸಿ ನೆಟ್ಟಗೆ ನಡೆಸೋದು. ಮದುವೆಯಾದ ಇಪ್ಪತ್ತಾರು ವರ್ಷದಿಂದ ನಂದೂ ಅದೇ ಕೆಲಸ.

ದರ್ಜಿ: ಈಗ ಬೋಲ್ಟಿನ ವಿಷಯ ಮಾತ್ರ ಮಾತಾಡೋಣ.

ಮೇಸ್ತ್ರಿ: ಮಾತಾಡೋಣ. ಎರಡು ತಿಂಗಳ ಹಿಂದೆ ಹಾಕಿದ ಹೊಚ್ಚಹೊಸ ಬೋಲ್ಟು ಇದು. ಇದರ ಮೈಯೆಲ್ಲ ಎಣ್ಣೆ ಯಾಕಿದೆ ಸಾರ್?

ದರ್ಜಿ: ನಾನೇ ಹಾಕಿದ್ದು. ಪ್ರತಿ ಭಾನುವಾರ, ನಾಲ್ಕಕ್ಕೂ. ಹೊಲಿಗೆ ಮಿಷನ್ನಿಗೆ ಹಾಕ್ತೀನಲ್ಲ, ಅದೇ ಎಣ್ಣೆ. ಯಂತ್ರ ಅಂದ ಮೇಲೆ ನೋಡಿಕೊಳ್ಳಬೇಕಲ್ವಾ?

ಮೇಸ್ತ್ರಿ: ಅಯ್ಯೋ ದೇವ್ರೇ! ಬೋಲ್ಟಿನ ನಡುಮೈಗೆ ತೆಳ್ಳಗೆ ಗ್ರೀಸ್ ಸವರೋದು ನನ್ನ ಕೆಲಸ, ತುಕ್ಕು ಹಿಡೀದೆ ಇರಲಿ ಅಂತ. ಥ್ರೆಡ್ಡಿಗೆ ಎಣ್ಣೆ ಹಾಕಿದ್ರೆ ಅದು ಹಿಡಿತ ಬಿಡುತ್ತೆ. ಆಮೇಲೆ ಇದರ ಕತ್ತು ಯಾಕೆ ಎಳೆದ ಹಾಗಿದೆ?

ದರ್ಜಿ: ಎಣ್ಣೆ ಹಾಕಿದ ಮೇಲೆ ಸಡಿಲ ಆಗಬಾರದಲ್ಲ, ಅದಕ್ಕೆ ಒಂದೆಳೆ ಬಿಗಿ ಮಾಡ್ತಿದ್ದೆ.

ಮೇಸ್ತ್ರಿ: ಪ್ರತಿ ಭಾನುವಾರ?

ದರ್ಜಿ: ಪ್ರತಿ ಭಾನುವಾರ. ಒಂದೇ ಒಂದೆಳೆ.

ಮೇಸ್ತ್ರಿ: ಎಂಟು ಭಾನುವಾರ, ಎಂಟು ಎಳೆ! ನೀವು ಹೊಲಿದ ಪ್ಯಾಂಟನ್ನ ಗಿರಾಕಿ ಮನೆಗೆ ಒಯ್ದು ವಾರಕ್ಕೊಂದು ಹೊಲಿಗೆ ತಾನೇ ಹಾಕ್ಕೊಂಡ್ರೆ ನೀವು ಸುಮ್ಮನಿರ್ತೀರಾ? ಕೇಳಿ ಸಾರ್, ಈ ಬೋಲ್ಟು ಒಂದು ಸಲ ಬಿಗಿ ಮಾಡೋಕೆ ಮಾತ್ರ. ಬಿಗಿಯೋವಾಗ ಕೂದಲಷ್ಟು ಹಿಗ್ಗಿ ಹಿಡ್ಕೊಳ್ಳುತ್ತೆ. ಬಿಚ್ಚಿದ್ರೆ ಬಿಸಾಡಬೇಕು. ಈಗ ಹೊಸ ನಾಲ್ಕು ಹಾಕ್ತಿದೀನಿ. ಇನ್ನೊಂದು ಡಬ್ಬಿ ಬರೋಕೆ ಮೂರು ತಿಂಗಳು. ಅಂದ್ರೆ ಇವತ್ತು ಹೇಗೆ ಕೂರುತ್ತೋ ಭಾನುವಾರ ಹಾಗೇ ಓಡುತ್ತೆ. ಅದಕ್ಕೇ ಕೇಳ್ತಿರೋದು, ತೂಕ ಎಷ್ಟು?

ದರ್ಜಿ ಹೆಂಡತಿಯ ಕಡೆ ನೋಡಿದ. ಅವಳು ಬೋಲ್ಟಿನ ಡಬ್ಬಿಯ ಮೇಲಿನ ಅಕ್ಷರ ಓದುವುದರಲ್ಲಿ ಮುಳುಗಿದ್ದಳು. ಅವನು ಮೆಲ್ಲಗೆ ಅವಳ ಬೆನ್ನ ಹಿಂದೆ ಹೋಗಿ ನಿಂತು, ಮೇಸ್ತ್ರಿಗೆ ಕಾಣುವಂತೆ ಒಂಬತ್ತು ಬೆರಳು ಎತ್ತಿದ. ಆಮೇಲೆ ಕೈ ಇಳಿಸಿ ಒಂದೇ ಬೆರಳು ಎತ್ತಿದ.

ಮೇಸ್ತ್ರಿ: ಹತ್ತು ನಿಮಿಷದಲ್ಲಾ? ಹತ್ತು ನಿಮಿಷದಲ್ಲಿ ಆಗೋ ಕೆಲಸ ಅಲ್ಲ ಸಾರ್.

ದರ್ಜಿ ತಲೆ ಚಚ್ಚಿಕೊಂಡು ಮತ್ತೆ ಒಂಬತ್ತು ಬೆರಳು ತೋರಿಸಿದ, ಮತ್ತೆ ಒಂದು.

ಮೇಸ್ತ್ರಿ: ಒಂಬತ್ತರಲ್ಲಿ ಒಂದು ಹೋದ್ರೆ ಎಂಟು. ಎಂಟು ಬೋಲ್ಟಾ? ನಾಲ್ಕೇ ಇರೋದು ಅಂದ್ನಲ್ಲ.

ಹೆಂಡತಿ: (ತಿರುಗಿ) ಏನ್ರೀ ಅದು, ಗಾಳಿಯಲ್ಲಿ ಬೆರಳು?

ದರ್ಜಿ: ಹೊಲಿದು ಹೊಲಿದು ಬೆರಳು ಹಿಡ್ಕೊಂಡಿದೆ ಕಣೇ. ಒಂಬತ್ತು ಜಾಸ್ತಿ, ಒಂದು ಕಮ್ಮಿ.

ಸಂಜ್ಞೆ ಕೈಕೊಟ್ಟ ಮೇಲೆ ದರ್ಜಿ ಬೇರೆ ದಾರಿ ಹಿಡಿದ.

ದರ್ಜಿ: ಮೇಸ್ತ್ರಿ, ನನ್ನ ತೂಕ ಎಪ್ಪತ್ತೆರಡು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಲ್ಮೆಟ್ಟಿನ ತೂಕ ನೀವು ಹಿಡಿದೇ ಇಲ್ಲ. ಅದನ್ನ ಸೇರಿಸಿ.

ಮೇಸ್ತ್ರಿ: ಸೇರಿಸ್ತೀನಿ. ಎಷ್ಟಿದೆ?

ದರ್ಜಿ: ಒಂದು ಹತ್ತೊಂಬತ್ತು ಕೆಜಿ ಹಾಕ್ಕೊಳ್ಳಿ.

ಮೇಸ್ತ್ರಿ: ಹತ್ತೊಂಬತ್ತು ಕೆಜಿ ಹೆಲ್ಮೆಟ್ಟಾ? ತಲೆ ಮೇಲೆ ರುಬ್ಬೋ ಕಲ್ಲು ಇಟ್ಕೊಂಡು ಓಡಿಸ್ತೀರಾ?

ಹೆಂಡತಿ: ರೀ, ಕತ್ತು ಉಳುಕುತ್ತೆ! ಮೊಣಕಾಲಿಗೆ ಅಂತ ಡಾಕ್ಟರ ಹತ್ರ ಹೋಗಿ ಕತ್ತಿಗೂ ಹೋಗೋ ಹಾಗಾಗುತ್ತೆ. ಬೇಡವೇ ಬೇಡ, ಭಾನುವಾರ ಓಡಿಸೋದೇ ಬೇಡ.

ದರ್ಜಿ: ಹೆಲ್ಮೆಟ್ ಒಂದೇ ಅಲ್ಲ ಕಣೇ, ಹೆಲ್ಮೆಟ್ಟೂ ಸಾಮಾನಿನ ಪೆಟ್ಟಿಗೆಯೂ ಸೇರಿ. ಸ್ಪ್ಯಾನರ್ ಪೆಟ್ಟಿಗೆ ಜೊತೇಲಿ ಇಟ್ಕೊಳ್ತೀನಿ.

ಮೇಸ್ತ್ರಿ: ರೇಸಲ್ಲಿ ಕಾರೊಳಗೆ ಬಿಡಿ ಸಾಮಾನು ಇಟ್ರೆ ಶುರುವಾಗೋ ಗೆರೆ ಹತ್ರನೇ ಕೆಳಗಿಳಿಸ್ತಾರೆ.

ದರ್ಜಿ: ಬಿಡಿಯಾಗಿ ಯಾರಿಡ್ತಾರೆ? ಕಟ್ಕೊಳ್ತೀನಿ.

ಮೇಸ್ತ್ರಿ: ಎಲ್ಲಿಗೆ?

ದರ್ಜಿ: ಸೊಂಟಕ್ಕೆ. ಸುತ್ತಲೂ. ಸಮನಾಗಿ.

ಹೆಂಡತಿ: ಅದು ಆಗಲೇ ಕಟ್ಕೊಂಡಾಗಿದೆ ಅಂತ ಕಾಣುತ್ತೆ.

ದರ್ಜಿ ಹೊಟ್ಟೆ ಒಳಗೆಳೆದುಕೊಂಡ. ಹೊಟ್ಟೆ ಬಂತು, ಆದರೆ ಮನಸ್ಸಿಲ್ಲದೆ ಬಂತು. ಪ್ಯಾಂಟು ಮಾತ್ರ ಎಲ್ಲೂ ಬಿಗಿಯಾಗಿರಲಿಲ್ಲ. ತಿಂಗಳಿಗೊಮ್ಮೆ ಅಂಗಡಿ ಬಾಗಿಲು ಹಾಕಿಕೊಂಡು ಸ್ವಂತ ಪ್ಯಾಂಟಿನ ಸೊಂಟ ತಾನೇ ಬಿಡಿಸಿ ಹೊಲಿದುಕೊಳ್ಳುವ ದರ್ಜಿಗೆ ತಾನು ದಪ್ಪಗಾಗಿದ್ದೇನೆ ಎಂದು ಯಾರು ಹೇಳಬೇಕು?

ಮೇಸ್ತ್ರಿ: ಒಂದು ಮಾತು ಕೇಳ್ತೀನಿ. ಗಿರಾಕಿ ಬಂದು ನನ್ನ ಸೊಂಟ ಮೂವತ್ತು ಅಂತ ಬಾಯಲ್ಲಿ ಹೇಳಿದ್ರೆ ನೀವು ಬಟ್ಟೆ ಕತ್ತರಿಸ್ತೀರಾ?

ದರ್ಜಿ: ಯಾರು ನಂಬ್ತಾರ್ರೀ ಅವರ ಮಾತು! ಸೊಂಟದ ವಿಷಯದಲ್ಲಿ ಗಂಡಸರೆಲ್ಲ ಸುಳ್ಳರೇ. ನಾನು ಟೇಪ್ ಹಿಡೀತೀನಿ.

ಮೇಸ್ತ್ರಿ: ಭೇಷ್. ನಾನೂ ಹಿಡೀತೀನಿ. ಹತ್ತಿ ಕೂತ್ಕೊಳ್ಳಿ.

ಮೇಸ್ತ್ರಿ ಹೊಸ ಬೋಲ್ಟುಗಳನ್ನು ಸಡಿಲವಾಗಿ ಸಿಕ್ಕಿಸಿ, ಗುಂಡಿಯಿಂದ ಎದ್ದು ಬಂದು, ನಾಲ್ಕು ಚಕ್ರಗಳ ಕೆಳಗೂ ನಾಲ್ಕು ಚಪ್ಪಟೆ ತೂಕದ ಮಣೆಗಳನ್ನು ತಳ್ಳಿ, ಕಾರನ್ನು ಅವುಗಳ ಮೇಲೆ ಇಳಿಸಿದ. ಗೋಡೆಯ ಬೋರ್ಡಿನಲ್ಲಿ ಕೆಂಪು ದೀಪದ ಅಂಕಿ ಹೊತ್ತಿಕೊಂಡಿತು. ಒಂಬೈನೂರ ನಲವತ್ತು.

ಮೇಸ್ತ್ರಿ: ಇದು ಬರೀ ಕಾರು. ನೀವು ಕೂತ ಮೇಲೆ ಎಷ್ಟು ಜಾಸ್ತಿ ಆಗುತ್ತೋ ಅದೇ ನೀವು.

ದರ್ಜಿ: ಕಾರನ್ನ ಮತ್ತೆ ಜಾಕಿ ಮೇಲೆ ಎತ್ತಿ ಬಿಗಿ ಮಾಡಿಬಿಡಿ. ಇಷ್ಟೆಲ್ಲ ಯಾಕೆ ತೊಂದರೆ?

ಮೇಸ್ತ್ರಿ: ಗಾಳಿಯಲ್ಲಿ ನೇತಾಡೋವಾಗ ಬಿಗಿ ಮಾಡಿದ್ರೆ, ನೆಲಕ್ಕಿಳಿದ ಕೂಡಲೇ ಒಳಗಿನ ರಬ್ಬರ್ ಬುಷ್ ತಿರುಚಿಕೊಂಡು ಹರಿದುಹೋಗುತ್ತೆ. ಕಾಲು ನೆಲದ ಮೇಲೆ, ಭಾರ ಸೀಟಿನ ಮೇಲೆ. ಆಗಲೇ ಬಿಗಿ. ಹತ್ತಿ ಸಾರ್.

ಹೆಂಡತಿ: ಹತ್ತಿ ರೀ. ಎಪ್ಪತ್ತೆರಡು ಅಂತ ಒಂದು ಸಲ ಬೋರ್ಡಲ್ಲಿ ಬಂದುಬಿಟ್ರೆ ಮೇಸ್ತ್ರಿ ಬಾಯಿ ಮುಚ್ಚುತ್ತೆ.

ಹಿಂದಕ್ಕೆ ಹೋದರೆ ಹೆಂಡತಿ, ಮುಂದಕ್ಕೆ ಹೋದರೆ ತಕ್ಕಡಿ. ದರ್ಜಿ ಕಾರಿನ ಬಾಗಿಲು ತೆರೆದ. ಆಗ ಅವನ ಕಣ್ಣಿಗೆ ಸರಪಳಿ ಬಿತ್ತು. ಇಂಜಿನ್ ಎತ್ತಲು ತೊಲೆಗೆ ಕಟ್ಟಿದ ದಪ್ಪ ಸರಪಳಿ, ಸರಿಯಾಗಿ ಸೀಟಿನ ಮೇಲೆಯೇ ತೂಗುತ್ತಿತ್ತು. ಕಾರಿಗೆ ಮೇಲ್ಛಾವಣಿ ಇರಲಿಲ್ಲ. ಮೇಸ್ತ್ರಿ ಬೇರೆ ಮತ್ತೆ ಗುಂಡಿಗೆ ಇಳಿದಾಗಿತ್ತು. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕರೂ ಸಾಕು, ಇವನಿಗೆ ಸರಪಳಿಯೇ ಸಿಕ್ಕಿತು.

ಅವನು ಕೂತ. ಎರಡೂ ಕೈಯಲ್ಲಿ ಸರಪಳಿ ಹಿಡಿದ. ಬೋರ್ಡಿನ ಮೇಲೆ ಕಣ್ಣಿಟ್ಟು, ಪ್ಯಾಂಟಿನ ಮಡಿಸಿ ಹೊಲಿದ ಅಂಚು ಬಿಚ್ಚುವಷ್ಟೇ ಎಚ್ಚರಿಕೆಯಿಂದ, ಮೈಯನ್ನು ಚೂರು ಚೂರೇ ಸೀಟಿಗೆ ಬಿಟ್ಟ. ಸಾವಿರ. ಸಾವಿರದ ಎಂಟು. ಸಾವಿರದ ಹನ್ನೆರಡು. ಅಲ್ಲಿಗೆ ನಿಲ್ಲಿಸಿದ.

ಮೇಸ್ತ್ರಿ: (ಗುಂಡಿಯಿಂದ) ಎಷ್ಟು ಬಂತು ಮೇಡಂ?

ಹೆಂಡತಿ: ಸಾವಿರದ ಹನ್ನೆರಡು. ಅಂದ್ರೆ ಸರಿಯಾಗಿ ಎಪ್ಪತ್ತೆರಡು!

ಮೇಸ್ತ್ರಿ: ಅರೆ! ತಪ್ಪಾಯ್ತು ಸಾರ್, ದೊಡ್ಡ ಮನಸ್ಸು ಮಾಡಿ. ಹಾಗೇ ಅಲ್ಲಾಡದೆ ಕೂತಿರಿ, ನಾಲ್ಕೂ ಬೋಲ್ಟು ಬಿಗಿ ಮಾಡಿಬಿಡ್ತೀನಿ.

ದರ್ಜಿ: (ಹಲ್ಲು ಕಚ್ಚಿಕೊಂಡು) ಎಷ್ಟು ಹೊತ್ತಾಗುತ್ತೆ?

ಮೇಸ್ತ್ರಿ: ಜಾಸ್ತಿ ಇಲ್ಲ. ಅರ್ಧ ಗಂಟೆ.

ದರ್ಜಿಯ ಮುಖ ಕಾರಿನ ಬಣ್ಣಕ್ಕೆ ತಿರುಗಿತು. ಹೆಂಡತಿ ಸರಪಳಿಯನ್ನು ನೋಡಿದಳು. ಸರಪಳಿಯಲ್ಲಿದ್ದ ಗಂಡನನ್ನೂ ನೋಡಿದಳು. ಪಾಠದ ಮೊದಲ ದಿನ ಬ್ರೇಕು ಯಾವುದೆಂದು ಕೇಳುವವರನ್ನು ನೋಡುವ ಶಾಂತಿಯಿಂದಲೇ ನೋಡಿ, ಬೋರ್ಡಿನತ್ತ ತಿರುಗಿಕೊಂಡಳು.

ಹೆಂಡತಿ: ಸಾವಿರದ ಹದಿಮೂರು.

ದರ್ಜಿ: ಓದ್ಬೇಡ ಕಣೇ.

ಹೆಂಡತಿ: ಸಾವಿರದ ಹದಿನೈದು. ಹದಿನೇಳು. ರೀ, ಏನಾಗ್ತಿದೆ ನಿಮಗೆ? ಕೂತಲ್ಲೇ ಐದು ಕೆಜಿ ಏರಿದ್ರಿ!

ಮೇಸ್ತ್ರಿ: ಯಾಕೆ ಸಾರ್, ಏನಾದ್ರೂ ತಿಂತಿದೀರಾ?

ದರ್ಜಿ: ಉಸಿರು... ಉಸಿರು ಎಳ್ಕೊಂಡೆ ಅಷ್ಟೆ.

ಹೆಂಡತಿ: ಹತ್ತೊಂಬತ್ತು. ಇಪ್ಪತ್ತು. ಇಷ್ಟೊಂದು ಗಾಳಿ ಕುಡೀಬೇಡಿ ರೀ, ಎಂಬತ್ತಾದ್ರಿ! ಇಪ್ಪತ್ತೆರಡು...

ಸರಪಳಿಯಿಂದ ಒಂದು ಕೈ ಜಾರಿತು. ಬೋರ್ಡು ಇನ್ನೂ ದೊಡ್ಡ ಸತ್ಯ ಹೇಳುವ ಮೊದಲೇ ದರ್ಜಿ ಕಾರಿನಿಂದ ಹೊರಗೆ ನೆಗೆದು, ಗೋಡೆ ಹಿಡಿದು ನಿಂತ.

ಮೇಸ್ತ್ರಿ: ಯಾಕೆ ಇಳಿದ್ರಿ? ಇನ್ನೂ ಒಂದೂ ಬಿಗಿ ಮಾಡಿಲ್ಲ!

ದರ್ಜಿ: ಕಾಲು ಜೋಮು ಹಿಡೀತು. ಅರ್ಧ ಗಂಟೆ ಕೂರೋಕೆ ನನ್ನ ಕೈಲಾಗಲ್ಲ.

ಮೇಸ್ತ್ರಿ: ಕೂರೋಕೆ ಕೈ ಯಾಕೆ ಸಾರ್?

ದರ್ಜಿ: ಒಂದು ಕೆಲಸ ಮಾಡಿ. ಇವಳು ಕೂರಲಿ. ಯಾರು ಕೂತರೇನು, ಮನುಷ್ಯರ ಭಾರ ಮನುಷ್ಯರ ಭಾರವೇ.

ಮೇಸ್ತ್ರಿ: ಸಾರ್, ಯೋಚನೆ ಮಾಡಿ ಹೇಳ್ತಿದೀರಾ? ಬಿಗಿ ಮಾಡಿದ ಮೇಲೆ ಮತ್ತೆ ಬಿಚ್ಚೋ ಹಾಗಿಲ್ಲ. ಮೇಡಂ ಅಳತೆಗೆ ಕೂರುತ್ತೆ.

ದರ್ಜಿ: ಕೂರಲಿ. ಒಂಚೂರು ಎಳೆದರೆ ಸ್ಟೀರಿಂಗ್ ಗಟ್ಟಿಯಾಗಿ ಹಿಡ್ಕೊಳ್ತೀನಿ.

ಎಳೆಯುವ ಕಾರಾದರೂ ಪರವಾಗಿಲ್ಲ, ಭಾನುವಾರ ಕೈಬಿಡಬಾರದು ಎಂಬುದು ಅವನ ಲೆಕ್ಕ. ಹೆಂಡತಿ ಎದ್ದು, ಕೈಚೀಲವನ್ನು ಬೆಂಚಿನ ಮೇಲಿಟ್ಟು, ಸೀಟನ್ನು ಎರಡು ಹಲ್ಲು ಮುಂದಕ್ಕೆ ಎಳೆದು, ಕನ್ನಡಿ ಸರಿಮಾಡಿಕೊಂಡು ಕೂತಳು. ಬೋರ್ಡು ಒಂಬೈನೂರ ತೊಂಬತ್ತೆಂಟಕ್ಕೆ ಹೋಗಿ ಕದಲದೆ ನಿಂತಿತು.

ಮೇಸ್ತ್ರಿ: ಐವತ್ತೆಂಟು. ಅಂಕಿ ಅಂದ್ರೆ ಹೀಗೆ ನಿಲ್ಲಬೇಕು.

ಬಿಗಿ ಅಳೆಯುವ ಟಾರ್ಕ್ ರೆಂಚು ಗುಂಡಿಯೊಳಗೆ ಟಿಕ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಟಿಕ್. ಹೆಂಡತಿ ಅರ್ಧ ಗಂಟೆ ಕದಲಲಿಲ್ಲ. ದರ್ಜಿ ಬೆಂಚಿನಲ್ಲಿ ಕೂತು ಅಂಗೈಗೆ ಊದಿಕೊಳ್ಳುತ್ತ, ಗಂಡಾಂತರ ಕಳೆಯಿತೆಂದು ಒಳಗೊಳಗೇ ಹಿಗ್ಗಿದ. ನಾಲ್ಕನೆಯ ಟಿಕ್ ಆದ ಮೇಲೆ ಮೇಸ್ತ್ರಿ ಪ್ರತಿ ಬೋಲ್ಟಿನ ತಲೆಗೂ ಹಳದಿ ಬಣ್ಣದ ಗೆರೆ ಎಳೆದು ಮೇಲೆ ಬಂದ.

ಮೇಸ್ತ್ರಿ: ಮುಗೀತು. ಗೆರೆ ಸರಿದಿದ್ರೆ ಯಾರೋ ಕೈಯಾಡಿಸಿದ್ದಾರೆ ಅಂತ ಅರ್ಥ. ಎಣ್ಣೆ ಡಬ್ಬಿ ಹತ್ರ ತಂದ್ರೆ ನನ್ನಾಣೆ ಸಾರ್. ಮೇಡಂ, ಒಂದು ಸುತ್ತು ಹೋಗಿ ಬನ್ನಿ.

ಹೆಂಡತಿ ಹೋದಳು. ಬೀದಿಯ ಕೊನೆಯವರೆಗೂ ಹೋಗಿ, ತಿರುಗಿಸಿಕೊಂಡು, ಎರಡೂ ಕೈಗಳನ್ನು ಸ್ಟೀರಿಂಗಿನಿಂದ ಒಂದು ಗೇಣು ಮೇಲೆತ್ತಿಕೊಂಡೇ ವಾಪಸು ಬಂದಳು. ಕಾರು ನೂಲು ಹೊಡೆದ ಹಾಗೆ ನೆಟ್ಟಗೆ ಬಂತು.

ದರ್ಜಿ: (ಎದ್ದು ನಿಂತು) ಅಬ್ಬಾ! ಇಷ್ಟು ನೆಟ್ಟಗೆ ಇದು ಯಾವತ್ತೂ ಓಡಿಲ್ಲ. ಇಳಿ ಇಳಿ, ನಾನು ಒಂದು ಸುತ್ತು ನೋಡ್ತೀನಿ.

ಹೆಂಡತಿ: ನೀವ್ಯಾಕೆ ನೋಡ್ಬೇಕು? ಭಾನುವಾರ ಓಡಿಸೋಳು ನಾನು.

ದರ್ಜಿ: ಏನಂದೆ?

ಹೆಂಡತಿ: ಬೆಳಗ್ಗೆ ರೇಸ್ ನಡೆಸೋ ಕ್ಲಬ್ಬಿಗೆ ಹೋಗಿ ನಿಮ್ಮ ಹೆಸರು ತೆಗೆಸಿ ನನ್ನ ಹೆಸರು ಹಾಕಿಸಿ ಬಂದೆ. ಕಾಗದ ಕೈಚೀಲದಲ್ಲಿದೆ, ನೋಡಿ. ಕಾರು ಹೇಗಪ್ಪಾ ನನಗೆ ಹೊಂದಿಸೋದು ಅಂತ ಯೋಚನೆ ಮಾಡ್ತಿದ್ದೆ. ನೀವೇ ಕೂರಿಸಿದ್ರಿ.

ದರ್ಜಿಗೆ ಕೈಚೀಲ ತೆರೆಯುವುದಕ್ಕೂ ಕೈ ಬರಲಿಲ್ಲ.

ದರ್ಜಿ: ಇದು ಅನ್ಯಾಯ! ನಾನು ಮಾತಿಗೆ ತಪ್ಪಿದ್ದೀನಾ? ಎಪ್ಪತ್ತೆರಡು ಅಂತ ದಿನಾ ಮಿಷನ್ ಮೇಲೆ...

ಹೆಂಡತಿ: ಹೋದ ವಾರ ಆ ಮಿಷನ್ ಮೇಲೆ ನಾನೂ ನಿಂತೆ ರೀ. ಮೂವತ್ತೊಂಬತ್ತು ತೋರಿಸ್ತು. ಮೂವತ್ತೊಂಬತ್ತು ಕೆಜಿ ನಾನು ಇದ್ದಿದ್ದು ಏಳನೇ ಕ್ಲಾಸಲ್ಲಿ. ಬಗ್ಗಿ ನೋಡಿದೆ, ಕೆಳಗಿನ ತಿರುಪು ಹತ್ತೊಂಬತ್ತು ಮನೆ ಹಿಂದಕ್ಕೆ ಹೋಗಿತ್ತು. ನೀವು ಬಟ್ಟೆ ಕತ್ತರಿಸೋ ಮೊದಲು ಗೆರೆ ಹಾಕೋ ಸೀಮೆಸುಣ್ಣದ ಪುಡಿ ತಿರುಪಿನ ಮೇಲೇ ಇತ್ತು.

ಮೇಸ್ತ್ರಿ: (ಬೆರಳು ಎಣಿಸುತ್ತ) ಎಪ್ಪತ್ತೆರಡು, ಹತ್ತೊಂಬತ್ತು... ಓಹೋ! ಒಂಬತ್ತು, ಆಮೇಲೆ ಒಂದು! ಸಾರ್, ಆಗಲೇ ಬಾಯಿಬಿಟ್ಟು ಹೇಳಬಾರದಾಗಿತ್ತಾ?

ದರ್ಜಿ: ತೊಂಬತ್ತೊಂದು! ಹೌದ್ರೀ, ತೊಂಬತ್ತೊಂದು! ಒಪ್ಕೊಂಡೆ! ಬಿಚ್ಚಿ ಬೋಲ್ಟು!

ಮೇಸ್ತ್ರಿ: ಬಿಚ್ಚಬಹುದು. ಬಿಚ್ಚಿದ್ರೆ ಮೂರು ತಿಂಗಳು ಕಾರು ಗುಂಡಿ ಮೇಲೆ.

ದರ್ಜಿ ನಿಜಕ್ಕೂ ಪೆಚ್ಚಾಗಿದ್ದ. ಹನ್ನೊಂದು ವರ್ಷ ಕೊನೆಯಿಂದ ಎರಡನೆಯವನಾಗಿ ಬಂದರೂ ಆ ಗುಡ್ಡದ ತಿರುವುಗಳನ್ನು ಅವನು ಬೇರೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಹೆಂಡತಿಗೆ ಅವನ ಮುಖ ನೋಡಿ ಅಯ್ಯೋ ಎನಿಸಿತು. ಆದರೆ ಸೀಟಿನಿಂದ ಇಳಿಯುವಷ್ಟು ಅನಿಸಲಿಲ್ಲ.

ಹೆಂಡತಿ: ತೂಕಕ್ಕೆ ನನಗೆ ಬೇಜಾರಿಲ್ಲ ರೀ. ಮಿಷನ್ ತಿರುಚಿದ್ರಲ್ಲ, ಅದಕ್ಕೆ ಬೇಜಾರು. ಇಳೀತಿಲ್ಲ ಕಣೇ ಅಂತ ಒಂದು ಮಾತು ಹೇಳಿದ್ದಿದ್ರೆ, ದಿನಾ ಬೆಳಗ್ಗೆ ನಾನೂ ನಿಮ್ಮ ಜೊತೆ ನಡೀತಿದ್ದೆ.

ದರ್ಜಿ: ನಡೀಲಿಲ್ವಾ ನಾನು? ದಿನಾ ಒಂದು ಗಂಟೆ ವಾಕಿಂಗು!

ಹೆಂಡತಿ: ಕಾರಲ್ಲಿ.

ದರ್ಜಿ: ...ಹೋಗಲಿ ಬಿಡು. ಪಕ್ಕದ ಸೀಟಲ್ಲಿ ಕೂತ್ಕೊಳ್ತೀನಿ, ಮನೆಗೆ ಹೋಗೋಣ. ತಿರುವು ಹೇಗೆ ತಗೋಬೇಕು ಅಂತ ದಾರೀಲಿ ಹೇಳ್ತೀನಿ.

ಮೇಸ್ತ್ರಿ: (ಅಡ್ಡ ಬಂದು) ತೊಂಬತ್ತೊಂದು ಕೆಜಿ ಪಕ್ಕದ ಸೀಟಲ್ಲಾ? ಈಗ ತಾನೇ ಹೊಂದಿಸಿದ ಕಾರು! ನನ್ನ ಕಣ್ಣೆದುರಿಗೆ ಬೇಡ ಸಾರ್, ಕೈಮುಗೀತೀನಿ.

ಹೆಂಡತಿ: ಕೇಳಿದ್ರಲ್ಲ. ನೀವು ನಡೀತಾ ಬನ್ನಿ, ನಾನು ಓಡಿಸ್ತಾ ಹೋಗ್ತೀನಿ. ನಾಳೆಯಿಂದ ಜೊತೆಗೆ ನಡೆಯೋಣ.

ಕೆಂಪು ಕಾರು ಗುಡುಗಿ, ಬೀದಿಗಿಳಿದು, ಎಡಕ್ಕೂ ವಾಲದೆ ಬಲಕ್ಕೂ ವಾಲದೆ ಮಾಯವಾಯಿತು. ದರ್ಜಿ ಅಂಗಿಯ ತೋಳು ಮಡಚಿಕೊಂಡು ಬಾಗಿಲಲ್ಲಿ ನಿಂತ.

ದರ್ಜಿ: ಮೇಸ್ತ್ರಿ, ಇಲ್ಲಿಂದ ನಮ್ಮನೆ ಎಷ್ಟು ದೂರ ಆಗುತ್ತೆ?

ಮೇಸ್ತ್ರಿ: ನಿಜ ಹೇಳಲಾ ಸಾರ್, ನೀವು ತೂಕ ಹೇಳಿದ ಹಾಗೆ ಹೇಳಲಾ?

ದರ್ಜಿ: ನಾನು ಹೇಳಿದ ಹಾಗೇ ಹೇಳಿ.

ಮೇಸ್ತ್ರಿ: ಹಾಗಾದ್ರೆ ಇಲ್ಲೇ, ಮುಂದಿನ ತಿರುವಿನಲ್ಲಿ.